ಲೇಖನ ಓದಿದ್ದರಿಂದಾದ ನಷ್ಟ

ಥಾಯ್ಲೆಂಡಿನ ಫಿಚಿತ್ ಪ್ರಾಂತದ ಸಣ್ಣದೊಂದು ಬೌದ್ಧ ವಿಹಾರದಿಂದ ಹೊರಡುವ ‘ಶಾಂತಿಮಾರ್ಗ’ ಮಾಸಪತ್ರಿಕೆಗೆ ಓದುಗರ ಪತ್ರಗಳು ಮೂಟೆಗಟ್ಟಲೆ ಬರುತ್ತವೆ ಎಂಬುದು ನಿರ್ವಿವಾದ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: “ಪೂಜ್ಯ ಸಂಪಾದಕರೇ, ‘ಆಸೆಯೇ ದುಃಖಕ್ಕೆ ಮೂಲ’ ಲೇಖನ ಅಮೋಘ. ಇಪ್ಪತ್ತೇಳನೇ ಪುಟದಲ್ಲಿತ್ತು. ಲಾಟರಿಯ ಕೊನೆಯ ಎರಡಂಕಿ ಇಪ್ಪತ್ತೇಳೇ ಬಂತು. ಸಾಧು, ಸಾಧು!”

ಸಂಪಾದಕ ವಿಚಿಯನ್ ಮೇಷ್ಟ್ರಿಗೆ ಈ ಜನ್ಮದಲ್ಲಿ ಒಂದೇ ಆಸೆ ಉಳಿದಿತ್ತು. ತಾನು ನಿದ್ದೆಗೆಟ್ಟು ಬರೆದದ್ದನ್ನು ಒಬ್ಬರಾದರೂ ಓದಿ ಪತ್ರ ಬರೆಯಬೇಕು. ಅದಕ್ಕಾಗಿ ಅವರು ಲೇಖನಗಳಿಂದ ಅಂಕಿಗಳನ್ನು ಕಿತ್ತುಹಾಕಿದರು. ಪುಟಸಂಖ್ಯೆಯನ್ನೂ ತೆಗೆದರು. ಓದುಗರು ಅಚ್ಚಿನ ತಪ್ಪುಗಳನ್ನು ಎಣಿಸಿ ಆ ಅಂಕಿಯ ಲಾಟರಿ ಚೀಟಿ ಕೊಂಡರು. ಮೇಷ್ಟ್ರು ಕರಡನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ ತಿಂಗಳು, “ತಪ್ಪೇ ಇಲ್ಲದಿದ್ದರೆ ಬಡವರು ಬದುಕುವುದು ಹೇಗೆ?” ಎಂದು ದೂರು ಬಂತು.

ಆಡಳಿತ ಸಮಿತಿ ಕೂಡಲೇ ನಿಯಮ ಹೊರಡಿಸಿತು: “ಪ್ರತಿ ಲೇಖನದಲ್ಲೂ ಎದ್ದು ಕಾಣುವಂತೆ ಎರಡಂಕಿಯ ಒಂದು ಸಂಖ್ಯೆ ಇರತಕ್ಕದ್ದು. ನಿರ್ವಾಣ ಕುರಿತಾದ ಲೇಖನಕ್ಕೆ ಮೂರಂಕಿ.”

ಹೀಗಿರಲು, ಸಂತೆಯಲ್ಲಿ ಬಾಳೆಹಣ್ಣು ಸುಟ್ಟು ಮಾರುವ, ಊರಿಗೆಲ್ಲ ಚಿಕ್ಕಮ್ಮನಾದ ಬುಪ್ಪಾ ಸಮಿತಿಯ ಸಭೆಗೇ ನುಗ್ಗಿ ನಷ್ಟಪರಿಹಾರ ಕೇಳಿದಳು.

“ಮೇಷ್ಟ್ರ ಲೇಖನ ಓದಿ ಹಾಳಾದೆ!”

“ಓದಿದ್ಯಾ?” ಅಧ್ಯಕ್ಷ ಥವೀಪ್ ಬೆಚ್ಚಿದರು. “ಪೂರ್ತೀನಾ?”

“ಎರಡು ಸಲ!”

“ಯಾರಮ್ಮಾ ನಿಂಗೆ ಓದೋಕೆ ಹೇಳಿದ್ದು? ಊರಲ್ಲಿ ಇನ್ಯಾರಾದ್ರೂ ಓದ್ತಾರಾ?”

ಮೇಷ್ಟ್ರು ಕುರ್ಚಿಯನ್ನು ಆಕೆಯತ್ತ ಎಳೆದುಕೊಂಡರು. “ಚಿಕ್ಕಮ್ಮಾ, ಯಾವ ಸಾಲು ಹಿಡಿಸ್ತು?”

“ಇದ್ದಿದ್ರಲ್ಲೇ ತೃಪ್ತಿ ಪಡೋರ ಮನೆಗೆ ಬೀಗ ಬೇಡ ಅಂತ ಬರೆದಿದ್ರಲ್ಲ, ಅಲ್ಲಿ ಅತ್ತೇಬಿಟ್ಟೆ. ಇನ್ನು ಚೀಟಿ ಸಹವಾಸ ಬೇಡ ಅಂತ ಸುಮ್ನಾದೆ. ಅದೇ ಲೇಖನದಲ್ಲಿದ್ದ ಐವತ್ನಾಲ್ಕು ಬಂತು! ಪಕ್ಕದ ಮೀನಿನಂಗಡಿಯವಳು ಓದ್ಲಿಲ್ಲ ನೋಡಿ, ಬರೀ ಅಂಕಿ ನೋಡಿದ್ಲು. ಈಗ ಮನೆಗೆ ಬೀಗ ಹಾಕ್ಸಿದಾಳೆ. ಒಂದಲ್ಲ, ಎರಡು!”

ಮೇಷ್ಟ್ರ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವರಿಗೆ ಮದುವೆಯಲ್ಲೂ ಆಗಿರಲಿಲ್ಲ. ಸಮಿತಿಯವರು ಅದನ್ನು ನೋಡಿ, ‘ಸಂಪಾದಕರು ಪಶ್ಚಾತ್ತಾಪಪಟ್ಟರು’ ಎಂದು ನಡಾವಳಿಯಲ್ಲಿ ದಾಖಲಿಸಿಕೊಂಡರು.

“ಮೇಷ್ಟ್ರೇ, ಇಷ್ಟು ಚೆನ್ನಾಗಿ ಬರೆಯೋದು ಅಪಾಯ ಕಣ್ರೀ,” ಎಂದು ಅಧ್ಯಕ್ಷರು ಮೆತ್ತಗೆ ಬುದ್ಧಿ ಹೇಳಿದರು. “ಬಡವರು ಓದಿಬಿಡ್ತಾರೆ.”

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಹಾಕಲು ಪ್ರಕಟಣೆಯೊಂದು ಸರ್ವಾನುಮತದಿಂದ ಅಂಗೀಕಾರವಾಯಿತು: “ಲೇಖನಗಳಲ್ಲಿನ ಅಂಕಿಗಳಿಗೆ ಮಾತ್ರ ಪತ್ರಿಕೆ ಜವಾಬ್ದಾರಿ. ಅರ್ಥ ಮಾಡಿಕೊಳ್ಳುವವರು ಸ್ವಂತ ಹೊಣೆಯ ಮೇಲೆ ಮಾಡಿಕೊಳ್ಳತಕ್ಕದ್ದು.” ಅದರ ಕರಡು ತಿದ್ದಿದವರೂ ಮೇಷ್ಟ್ರೇ. ಇನ್ನು ಪರಿಹಾರದ ಮಾತು. ಹೊಸ ಲೇಖನದ ಅಂಕಿಯನ್ನು ಅಚ್ಚಿಗೆ ಹೋಗುವ ಮುನ್ನವೇ ಬುಪ್ಪಾಳಿಗೆ ತಿಳಿಸತಕ್ಕದ್ದೆಂದು ಆದೇಶವಾಯಿತು.

ಮರುವಾರ ಆಕೆ ಬಂದಾಗ ಮೇಷ್ಟ್ರು ಕನ್ನಡಕ ಒರೆಸಿ, ಲೇಖನ ಬಿಡಿಸಿ ಹಿಡಿದು, ಗಂಟಲು ಸರಿಮಾಡಿಕೊಂಡರು. ಆ ಲೇಖನವನ್ನು ಅವರು ಆಕೆಯೊಬ್ಬಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು.

ಬುಪ್ಪಾ ಎರಡೂ ಕಿವಿ ಮುಚ್ಚಿಕೊಂಡಳು. “ದಮ್ಮಯ್ಯ, ಓದ್ಬೇಡಿ ಮೇಷ್ಟ್ರೇ! ನಂದು ಮೊದ್ಲೇ ಮೆತ್ತನೆ ಮನಸ್ಸು. ಅಂಕಿ ಹೇಳಿ ಸಾಕು.”

ಮೇಷ್ಟ್ರು ಹಾಳೆ ಮಡಚಿದರು. ಕಿವಿ ಮುಚ್ಚಿದವಳಿಗೂ ಕೇಳಲೆಂದು ಜೋರಾಗಿ ಹೇಳಿದರು: “ಅರವತ್ಮೂರು.”

ಬುಪ್ಪಾ ಕೈಜೋಡಿಸಿ ಹಣೆಗೊತ್ತಿಕೊಂಡಳು. “ಸಾಧು! ಲೇಖನ ತುಂಬಾ ಚೆನ್ನಾಗಿ ಬಂದಿದೆ ಮೇಷ್ಟ್ರೇ.”