ಮಾಮಾನ ಮಿನಿಬಸ್ಸಿನಲ್ಲಿ ಖಾಲಿ ಸೀಟಿಲ್ಲ

ನಮ್ಮ ಮಾಮಾ ಒಬ್ಬನೇ ಎಲ್ಲಿಗಾದರೂ ಹೋದದ್ದನ್ನು ಕಣ್ಣಾರೆ ಕಂಡವರಿದ್ದರೆ ದಯವಿಟ್ಟು ಗೋವಾದ ಫೋಂಡಾದಲ್ಲಿರುವ ನಮ್ಮ ಪಾತ್ರೆ ಅಂಗಡಿಗೆ ಬನ್ನಿ. ಮುಚ್ಚಳ ಸಮೇತ ಒಂದು ಸ್ಟೀಲ್ ಡಬ್ಬಿ ಬಹುಮಾನ! ಇಷ್ಟು ಧೈರ್ಯವಾಗಿ ಏಕೆ ಹೇಳುತ್ತಿದ್ದೇನೆ ಅಂದರೆ, ಆ ಡಬ್ಬಿ ನಮ್ಮ ಕಪಾಟು ಬಿಟ್ಟು ಕದಲುವುದಿಲ್ಲ ಎಂಬುದು ನನಗೆ ಗೊತ್ತು. ಮಾಮಾ ಅಂದರೆ ನಮ್ಮವ್ವನ ಅಣ್ಣ. ಧಾರವಾಡದ ಕಡೆಯಿಂದ ಬಂದು ನಮ್ಮ ಪಕ್ಕದಲ್ಲೇ ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟವನು. ಮದುವೆ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಸ್ಕೂಟರ್ ಇದೆ, ಓಡಿಸುವುದಿಲ್ಲ. ಊರಲ್ಲಿ ಬಸ್ಸಿದೆ, ರಿಕ್ಷಾ ಇದೆ, ಹಿಂದೆ ಕೂರಿಸಿಕೊಂಡು ಹೋಗುವ ಮೋಟರ್‌ಸೈಕಲ್ ಪೈಲಟ್‌ಗಳಿದ್ದಾರೆ, ಯಾವುದನ್ನೂ ಹತ್ತುವುದಿಲ್ಲ. ಊರ ಗಡಿ ದಾಟಬೇಕೆಂದರೆ ಅವನಿಗೆ ಡ್ರೈವರ್ ಸಮೇತ ಬಾಡಿಗೆ ಮಿನಿಬಸ್ಸೇ ಆಗಬೇಕು!

ಸರಿ, ಮಿನಿಬಸ್ಸು ತರಿಸಿದ ಅಂತಿಟ್ಟುಕೊಳ್ಳಿ. ಅದರಲ್ಲಿ ಒಬ್ಬನೇ ಕೂತು ಹೋಗಲು ಅವನೇನು ಮಂತ್ರಿಯೇ? ಓಣಿಯವರೆಲ್ಲ ಹತ್ತಬೇಕು. ಒಮ್ಮೆ ಅವನಿಗೆ ಚಾಳೀಸಿನ ನಂಬರು ಬದಲಿಸಬೇಕಾಯಿತು. ಮಡಗಾಂವಿನಲ್ಲಿ ಕಣ್ಣಿನ ಡಾಕ್ಟರು. ಹೋಗಿ ಬರಲು ಅರ್ಧ ದಿನದ ಕೆಲಸ. ಮಾಮಾ ಟೇಲರನನ್ನು ಎಬ್ಬಿಸಿದ, ಟೇಲರನ ಹೆಂಡತಿಯನ್ನು ಹೊರಡಿಸಿದ, ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಬಂದ, ಭಜನೆಯ ಹೆಂಗಸರು ದಾರಿಯಲ್ಲಿ ಬೇಕಾಗುತ್ತದೆಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡರು. ಇಷ್ಟೂ ಜನ ಡಾಕ್ಟರ ಬಾಗಿಲಲ್ಲಿ ಇಳಿದದ್ದನ್ನು ನೋಡಿ ಅಲ್ಲಿಯ ನರ್ಸು ಗಾಬರಿಯಾಗಿ ಓಡಿ ಬಂದು ಹೇಳಿದಳು: "ಫ್ರೀ ಕ್ಯಾಂಪ್ ಆಜ್ ನಹೀ ಹೈ!"

ಮಾಮಾನ ಖಾಯಂ ಜಾಗ ಡ್ರೈವರನ ಪಕ್ಕದ ಸೀಟು. ನಮ್ಮ ಖಾಯಂ ಡ್ರೈವರು ಇಲ್ಲಿಯವನೇ, ಕೊಂಕಣಿ ಮನುಷ್ಯ, ಸಮಾಧಾನದ ಮೂರ್ತಿ. ಅವನು ಹುಟ್ಟಿ ಬೆಳೆದ ರಸ್ತೆಯಲ್ಲೇ ಮಾಮಾ ಅವನಿಗೆ ದಾರಿ ತೋರಿಸುತ್ತಾನೆ! "ಇಲ್ಲೆ ತಿರುವು ಐತಿ ನೋಡಪಾ. ಎದುರು ಅದಿರಿನ ಟ್ರಕ್ಕು ಬರಾಕತ್ತೈತಿ, ಸಾವಕಾಶ, ಸಾವಕಾಶ!" ಬಾಯಿ ಇಷ್ಟು ಕೆಲಸ ಮಾಡುವಾಗ ಕಾಲು ಸುಮ್ಮನಿರುತ್ತದೆಯೇ? ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ನೆಲವನ್ನು ಧಪ್ಪೆಂದು ತುಳಿಯುತ್ತಾನೆ. ಒಂದು ದಿನ ಡ್ರೈವರು ತಡೆಯಲಾರದೆ ಕೈ ಮುಗಿದೇ ಬಿಟ್ಟ: "ಮಾಮಾ, ಬ್ರೇಕ್ ಮೇರೇ ಪಾಸ್ ಹೈ!"

ಇದೆಲ್ಲ ಹೋಗಲಿ ಅನ್ನಬಹುದು. ಆದರೆ ಖಾಲಿ ಸೀಟಿನ ವಿಷಯ? ಅದೊಂದು ರೋಗ ಅಂತಲೇ ನಾವು ತೀರ್ಮಾನಿಸಿದ್ದೆವು. ಬಸ್ಸಿನಲ್ಲಿ ಒಂದು ಸೀಟು ಖಾಲಿ ಉಳಿದರೂ ಮಾಮಾನಿಗೆ ಚಡಪಡಿಕೆ. ಕತ್ತು ಹೊರಳಿಸಿ ಹೊರಳಿಸಿ ಹಿಂದೆ ನೋಡುತ್ತಾನೆ. ರಸ್ತೆಯ ಪಕ್ಕ ಯಾರಾದರೂ ನಿಂತಿದ್ದರೆ ಸಾಕು, ಅವರು ಬಸ್ಸಿಗೆ ನಿಂತಿದ್ದಾರೋ ಹೆಂಡತಿಗೆ ಕಾಯುತ್ತಿದ್ದಾರೋ ಕೇಳುವ ಗೊಡವೆಯೇ ಇಲ್ಲ. "ಬರ್ರಿ ಬರ್ರಿ, ಸೀಟ ಅದಾವ!" ಹಣ ಕೊಡಲು ಬಂದರೆ ಸಿಟ್ಟಾಗುತ್ತಾನೆ.

ವಾಳಪೈಯಲ್ಲಿ ಒಬ್ಬ ಗಿರಾಕಿಯ ಮನೆಯ ವಾಸ್ತುಶಾಂತಿಗೆ ಹೊರಟಾಗ ಮಸಾಲೆ ತೋಟದ ಹತ್ತಿರ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಒಬ್ಬ ಬಿಳಿಯ ಪ್ರವಾಸಿ ನಿಂತಿದ್ದ. ಆರಡಿಯ ಆಳು. ಮಾಮಾ ಬಿಡುತ್ತಾನೆಯೇ? ಹತ್ತಿಸಿಕೊಂಡ. ಮುಂದೆ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ಪ್ರೈವೇಟ್ ಟ್ರಿಪ್ಪಿನ ಗಾಡಿ, ದಾರಿಯ ಪ್ಯಾಸೆಂಜರನ್ನು ಹತ್ತಿಸುವಂತಿಲ್ಲ. ಡ್ರೈವರನ ಮುಖ ಬೆಳ್ಳಗಾಯಿತು. ಮಾಮಾ ಮಾತ್ರ ಎದೆಯುಬ್ಬಿಸಿ, "ಎಲ್ಲಾ ನಮ್ಮ ಸಂಬಂಧಿಕರರೀ ಸಾಹೇಬ್ರ" ಅಂದ. ಆ ಪೊಲೀಸರೋ ಕಾರವಾರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಒಳಗೆ ಇಣುಕಿ ನೋಡಿ, ಬಿಳಿಯನತ್ತ ಲಾಠಿ ತೋರಿಸಿ, "ಇವರೂ?" ಎಂದು ಕೇಳಿದರು.

"ಭಾಳ ದೂರದ ಸಂಬಂಧ್ರಿ!" ಅಂದ ಮಾಮಾ.

ಪೊಲೀಸರು ನಕ್ಕ ನಗುವಿಗೆ ನಾವು ಬಚಾವಾದೆವು. ಬಿಳಿಯ ವಾಳಪೈಯಲ್ಲಿ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡ, ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡ. ಪಾಪ, ಅವನು ಹೋಗಬೇಕಾಗಿದ್ದದ್ದು ಪಣಜಿಗಂತೆ!

ನಗುತ್ತ ಹೇಳುತ್ತಿದ್ದೇನೆ, ನಿಜ. ಆದರೆ ಕುಡಚಡೆಗೆ ಹೋದ ದಿನ ನನಗೆ ನಗು ಬರಲಿಲ್ಲ. ಅದು ನಮ್ಮಕ್ಕನ ಸಂಬಂಧದ ಮಾತು. ಅಪ್ಪ ತೀರಿಕೊಂಡಾಗ ಅಕ್ಕ ಇನ್ನೂ ಕಾಲೇಜಿನಲ್ಲಿದ್ದಳು. ಆಮೇಲೆ ಒಂದು ಗಂಡು ಗೊತ್ತಾಗಿ, ಅವ್ವ ಮತ್ತು ಮಾಮಾ ಹೋಗಿ ಅವರ ಮನೆ ನೋಡಿ ಬಂದಿದ್ದರು. ನಾನು ಅಂಗಡಿಯಲ್ಲೇ ಉಳಿದಿದ್ದೆ. ಅವರು ಬಂದ ಮೇಲೆ ಆ ಕಡೆಯಿಂದ ಬೇಡವೆಂಬ ಮಾತು ಬಂತು. ಏಕೆ ಬೇಡ? ಅವ್ವ ಬಾಯಿ ಬಿಡಲಿಲ್ಲ. ತನ್ನಲ್ಲೇ ಏನೋ ಕೊರತೆ ಇದೆ ಅಂತ ಅಕ್ಕ ಒಳಗೊಳಗೇ ಕೊರಗಿದಳು. ಬಹಳ ದಿನ ಯಾರ ಮುಂದೆಯೂ ಕೂರಲು ಒಪ್ಪಲಿಲ್ಲ. ಈಗ ಕುಡಚಡೆಯ ಈ ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದ, ಅವನಿಗೂ ಅವಳು ಬೇಕಾಗಿದ್ದಳು. ಕಿರಾಣಿ ಅಂಗಡಿಯ ಮನೆತನ, ನಮ್ಮ ಕಡೆಯವರೇ. ನಾವು ಹೋಗಿ ಮನೆ ನೋಡಿ ಬರುವುದೊಂದೇ ಬಾಕಿ. "ಇದೂ ಮುರದ್ರ ಇನ್ನ ನನ್ನ ಸುದ್ದಿಗೆ ಬರಬ್ಯಾಡ್ರಿ" ಅಂತ ಅಕ್ಕ ಹೇಳಿಬಿಟ್ಟಿದ್ದಳು.

ಹಾಗಾಗಿ ಅವ್ವ ಮಾಮಾನ ಎದುರು ಅಕ್ಷರಶಃ ಕೈ ಜೋಡಿಸಿದಳು. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ. ನಾವು ಮೂರು ಮಂದಿ ಹೋಗಿ ಬರೋಣು. ಸುಮ್ಮನ ಒಂದು ಕಾರು ಹೇಳು."

"ಆತು ತಂಗೀ, ಕಾರಿಗೇ ಹೇಳ್ತೇನಿ."

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಏನು ನಿಂತಿತ್ತು ಅಂತ ನಾನು ಬೇರೆ ಹೇಳಬೇಕೇ? "ಕಾರು ಸಿಗಲಿಲ್ಲ ತಂಗೀ" ಅಂದ ಮಾಮಾ. ಫೋಂಡಾದಲ್ಲಿ ಕಾರು ಸಿಗಲಿಲ್ಲವಂತೆ! ಅವ್ವನೂ ಕಡಿಮೆಯವಳಲ್ಲ, ಯಾರೂ ಹತ್ತಬಾರದೆಂದು ಓಣಿಯ ಮನೆಮನೆಗೂ ಮೊದಲೇ ಹೇಳಿ ಬಂದಿದ್ದಳು. ಅಷ್ಟು ದೊಡ್ಡ ಬಸ್ಸಿನಲ್ಲಿ ಅವ್ವ, ಮಾಮಾ, ನಾನು, ಮೂವರೇ. ಮಾಮಾ ಡ್ರೈವರನಿಗೆ ದಾರಿ ತೋರಿಸುವುದನ್ನೂ ಮರೆತು ಹಿಂದಿನ ಸೀಟುಗಳನ್ನೇ ನೋಡುತ್ತ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಕೂತ.

ಶಿರೋಡಾ ಬಂತು. ಅಂದು ರವಿವಾರ, ಬಸ್ಸು ಕಡಿಮೆ. ಸ್ಟ್ಯಾಂಡಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದ ವಿಜಯಪುರದ ಕಡೆಯ ಹೆಂಗಸರ ಒಂದು ಗುಂಪು ನಿಂತಿತ್ತು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಮಾಮಾ ಅರ್ಧ ಮೈ ಕಿಟಕಿಯ ಹೊರಗೆ ಹಾಕಿದ.

"ಎಲ್ಲಿಗಿ ಹೊಂಟೀರಬೇ?"

"ಕುಡಚಡೆ ಬಜಾರಕ್ರೀ."

"ನಾವೂ ಅಲ್ಲಿಗೇ! ಹತ್ರಿ, ಹತ್ರಿ!"

ಅವ್ವ ಸಿಟ್ಟಿಗೆ ಮಾಮಾನನ್ನು ಚಿವುಟಲಾಗದೆ ನನ್ನನ್ನು ಚಿವುಟಿದಳು. ಹೋಗಲಿ, ಬಜಾರಿನಲ್ಲಿ ಇಳಿದು ಹೋಗುತ್ತಾರೆ ಅಂತ ನಾನು ಸಮಾಧಾನ ಹೇಳಿದೆ. ಎಲ್ಲಿಯ ಬಜಾರು! ಬಸ್ಸು ನೆಟ್ಟಗೆ ಬೀಗರಾಗುವವರ ಮನೆಯ ಮುಂದೆಯೇ ನಿಂತಿತು. ಮಾಮಾ ಎದ್ದು ನಿಂತು, "ಎಲ್ಲಾರೂ ಇಳೀರಿ. ಚಾ ಕುಡದು ಹೋಗೀರಂತ" ಎಂದು ಘೋಷಿಸಿದ. ಹುಡುಗನ ತಾಯಿ ಕಾಲಿಗೆ ನೀರು ಕೊಡಲು ಒಂದು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದವರು, ಇಳಿದೇ ಇಳಿಯುತ್ತಿದ್ದ ಜನರನ್ನು ನೋಡಿ ಒಳಗೆ ಹೋಗಿ ಕೊಡವನ್ನೇ ತಂದರು.

"ಎಲ್ಲಾ ನಮ್ಮ ಮಂದಿ" ಅಂದ ಮಾಮಾ, ಮೀಸೆಯ ಮೇಲೆ ಕೈಯಾಡಿಸುತ್ತ.

ಒಳಗೆ ಕುರ್ಚಿ ಸಾಲದೆ ಮದುಮಗನಾಗುವ ಹುಡುಗನೇ ಪಕ್ಕದ ಮನೆಯಿಂದ ಹೊತ್ತು ತಂದ. ಉಪ್ಪಿಟ್ಟಿನ ಬೋಗುಣಿಯ ತಳ ಕಂಡಿತು. ಗುಂಪಿನ ಹಿರಿಯ ಹೆಂಗಸೊಬ್ಬಳು ಹುಡುಗನ ತಾಯಿಯ ಪಕ್ಕದಲ್ಲೇ ಕಾಲು ಮಡಿಸಿ ಕೂತು, ಶಿರಾ ಬಹಳ ರುಚಿಯಾಗಿದೆಯೆಂದು ಎರಡನೇ ಸಲ ಹಾಕಿಸಿಕೊಂಡಳು. ಹುಡುಗನ ತಾಯಿ ನಗುನಗುತ್ತ ಕೇಳಿದರು: "ಹುಡುಗಿಗೆ ನೀವು ಏನಾಗಬೇಕ್ರಿ?"

ಅವ್ವ ಕಣ್ಣು ಮುಚ್ಚಿಕೊಂಡಳು.

"ಯಾವ ಹುಡುಗಿರೀ?" ಅಂದಳು ಆಕೆ. "ನಾವು ಬಸ್ಸಿಗೆ ನಿಂತಿದ್ವಿ. ಈ ಯಪ್ಪ ಹತ್ತಿಸ್ಕೊಂಡು ಬಂದಾನ. ಚಾ ಕೊಡ್ತೇನಿ ಅಂದ, ಬಂದ್ವಿ."

ಹುಡುಗನ ತಂದೆ ಕಪ್ಪು ಕೆಳಗಿಟ್ಟರು. ಎಲ್ಲರ ಕಣ್ಣೂ ಮಾಮಾನ ಮೇಲೆ. ಮುಗಿಯಿತು, ಅಕ್ಕನಿಗೆ ಹೋಗಿ ಏನು ಹೇಳುವುದು? ಪೊಲೀಸರಿಗೇ ಎದೆಯುಬ್ಬಿಸಿ ಉತ್ತರ ಕೊಟ್ಟ ಮಾಮಾ ಈಗ ಕುರ್ಚಿಯಿಂದ ಮೆಲ್ಲಗೆ ಎದ್ದ. ನೆಲ ನೋಡುತ್ತ ಹೇಳಿದ:

"ತಪ್ಪಾತ್ರಿ. ಹಿಂದ ಒಂದು ಮನಿ ನೋಡಾಕ ಹೋದಾಗ ಇಂಥಾದ ಬಸ್ಸು ಮಾಡಿದ್ದೆ. ಬೆಳಗಾವಿಯಿಂದ ಬರ್ತೇವಿ ಅಂದ ನಮ್ಮ ಬಳಗದ ಮಂದಿ ಯಾರೂ ಬರಲಿಲ್ಲ. ನಾನೂ ನನ್ನ ತಂಗಿ ಇಬ್ಬರ ಇಳದ್ವಿ. ಅವರು ಬಸ್ಸಿನೊಳಗ ಇಣುಕಿ ನೋಡಿದ್ರು, ಇನ್ನೂ ಯಾರರೆ ಅದಾರೇನು ಅಂತ. ಆಮ್ಯಾಲ ಹೇಳಿ ಕಳಿಸಿದ್ರು, ಅಪ್ಪ ಇಲ್ಲದ ಹುಡುಗಿ, ಹಿಂದ ಮಂದಿ ಇಲ್ಲ, ನಾಳೆ ಹೆಚ್ಚುಕಡಿಮಿ ಆದ್ರ ಕೇಳಾವ್ರು ಯಾರು ಅಂತ. ಅವತ್ತಿನಿಂದ ಖಾಲಿ ಸೀಟು ಕಂಡ್ರ ನನಗ ತಡಕೊಳ್ಳಾಕ ಆಗೂದಿಲ್ರಿ. ನಮ್ಮ ಹುಡುಗಿ ಬಂಗಾರದಂಥಾಕಿ. ಆಕಿದೇನೂ ತಪ್ಪಿಲ್ಲ. ಬೇಕಾದ್ರ ನನಗ ಬೈರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾವು ಇಷ್ಟು ದಿನ ಓಣಿಯ ತುಂಬ ಹೇಳಿಕೊಂಡು ನಕ್ಕ ಹುಚ್ಚಿನ ಮೂಲ ಇದೇ ಎಂದು ಗೊತ್ತಾಗಿ ನನಗೆ ಅಳು ಬಂತು. ಅಷ್ಟರಲ್ಲಿ ಆ ಹಿರಿಯ ಹೆಂಗಸು ತಟ್ಟೆ ಬದಿಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಹುಡುಗನ ತಾಯಿಯ ಕೈ ಹಿಡಿದಳು.

"ಹಂಗಾದ್ರ ನಾ ಆ ಹುಡುಗಿಗೆ ದೊಡ್ಡವ್ವ ಅಂತ ತಿಳೀರಿ. ಉಣ್ಣಾಕ ಬಂದಾಕಿ ಅಲ್ಲ, ಕೇಳಾಕ ಬಂದೇನಿ. ಚಂದಂಗ ನೋಡ್ಕೋತೀರಿಲ್ಲೋ?"

ಹುಡುಗನ ತಾಯಿ ಕೈ ಬಿಡಿಸಿಕೊಳ್ಳಲಿಲ್ಲ. "ಮಗಳಂಗ ನೋಡ್ಕೋತೇನ್ರಿ" ಅಂದರು. ಆಮೇಲೆ ಮಾಮಾನ ಕಡೆ ತಿರುಗಿ, "ನಿಶ್ಚಯಕ್ಕ ಎಷ್ಟು ಮಂದಿ ಬರ್ತೀರಿ ಅಂತ ಮೊದಲ ಹೇಳಿಬಿಡ್ರಿ ಅಣ್ಣಾರ, ಶಿರಾಕ್ಕ ರವಾ ಹೆಚ್ಚಿಗಿ ಹುರೀಬೇಕಾಕ್ಕೈತಿ" ಅಂದರು.

ತಿರುಗಿ ಬರುವಾಗ ಆ ಹೆಂಗಸರನ್ನು ಬಜಾರಿಗೆ ಬಿಟ್ಟೆವು. ಎಲ್ಲರೂ ಇಳಿದ ಮೇಲೆ ಆ ಹಿರಿಯಳು ಮುಂದಿನ ಕಿಟಕಿಯ ಹತ್ತಿರ ಬಂದು ನಿಂತಳು.

"ಯಪ್ಪಾ, ನಮ್ಮ ಹುಡುಗಿ ಹೆಸರೇನೋ? ದೊಡ್ಡವ್ವಗ ಅದರೆ ಗೊತ್ತಿರಬೇಕಲ್ಲ."

ಮಾಮಾ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡ. ಹಿಂದಿನ ಸೀಟಿನಿಂದ ನಾನೇ ಎದ್ದು ಬಂದು ಅಕ್ಕನ ಹೆಸರು ಹೇಳಿದೆ.