ಸುಜಾತಕ್ಕನಿಗೆ ಬೇಕಾದ ಹಾಗೆ ನಮ್ಮ ಮನೆ

ಜೆಪ್ಪುವಿನ ನಮ್ಮ ಮನೆ ಮಾರುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ನಮ್ಮ ಯಜಮಾನರಿಗೆ ಬಟ್ಟೆ ಅಂಗಡಿಯ ಗಿರಾಕಿಗಳ ಜೊತೆ ಚೌಕಾಸಿ ಮಾಡಿಯೇ ಸಾಕಾಗಿರುತ್ತದೆ. ನನಗೆ ಹಾಗಲ್ಲ, ಅಲ್ಲಾಹನು ಒಳ್ಳೆಯ ಬಾಯಿ ಕೊಟ್ಟಿದ್ದಾನೆ. ಉಳ್ಳಾಲದಲ್ಲಿ ಮಗಳ ಮನೆಗೆ ತಾಗಿಯೇ ಒಂದು ಮನೆ ಖಾಲಿ ಇತ್ತು. ಇದನ್ನು ಮಾರಿದರೆ ಅದು ನಮ್ಮದು. ಮೊಮ್ಮಗಳ ಅಳು ಗೋಡೆಯಾಚೆಯಿಂದಲೇ ಕೇಳಬಹುದು!

ರಿಪೇರಿ, ಪೇಂಟಿಂಗ್ ನಡೆಯುತ್ತಿರುವಾಗಲೇ ಮನೆ ನೋಡಲು ಕದ್ರಿಯಿಂದ ಸುಜಾತಕ್ಕ ಬಂದರು. ಒಳ್ಳೆಯ ಹೆಂಗಸು. ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವುದುಂಟಾ? ಅಕ್ಕಿ ರೊಟ್ಟಿಯಂಥ ನಮ್ಮ ಪತ್ತಿರ್, ಕೋಳಿ ಸಾರು ಬಡಿಸಿದೆ. ಎರಡನೇ ಪತ್ತಿರ್ ಮುರಿಯುತ್ತಾ ಅವರು ಹೇಳಿದರು:

"ಮೈಮೂನಕ್ಕ, ಎಲ್ಲ ಚಂದ ಉಂಟು. ಅಡುಗೆ ಕಟ್ಟೆಗೆ ಮಾತ್ರ ಕಪ್ಪು ಗ್ರಾನೈಟ್ ಹಾಕಿಸಿದ್ರೆ..."

ಉಣ್ಣುತ್ತಿರುವ ಅತಿಥಿಗೆ 'ಇಲ್ಲ' ಅನ್ನಬಾರದು ಅಂತ ನನ್ನ ಉಮ್ಮ ಕಲಿಸಿದ್ದಾರೆ.

"ಅದಕ್ಕೆಂತ, ಹಾಕಿಸುವ" ಅಂದೆ.

ಮುಂದಿನ ವಾರ ಬಿರಿಯಾನಿ. ಒಲೆ ಪೂರ್ವಕ್ಕೆ ಮುಖ ಮಾಡಬೇಕೆಂದರು, ಮಾಡಿಸಿದೆ. ಅದರ ಮುಂದಿನ ವಾರ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ. ಬಚ್ಚಲಿನ ಬಾಗಿಲು ಆಚೆ ಗೋಡೆಗೆ ಹೋಯಿತು. ಹಳೆಯ ಅಭ್ಯಾಸದಲ್ಲಿ ನಾನು ಎರಡು ಸಲ ಗೋಡೆಗೆ ಹಣೆ ಹೊಡೆದುಕೊಂಡೆ. ಪಾಯಸದ ದಿನ, ತುಳಸಿಕಟ್ಟೆಗೆ ಜಾಗ ಬೇಕೆಂದು ಅಂಗಳಕ್ಕೆ ಹಾಸಿದ್ದ ಇಂಟರ್‌ಲಾಕ್ ಇಟ್ಟಿಗೆ ಕೀಳಿಸಿ ಹೊಂಡ ತೋಡಿಸಿದೆ. ಸಂಜೆ ಮಸೀದಿಯಿಂದ ಬಂದ ನಮ್ಮವರು ಸ್ಕೂಟರ್ ಸಮೇತ ಅದರೊಳಗೆ ಇಳಿದರು. ಕಾಲು ಮುರಿಯಲಿಲ್ಲ. ಅಲ್‌ಹಮ್ದುಲಿಲ್ಲಾಹ್!

"ಅಡ್ವಾನ್ಸ್ ತಗೊಂಡಿದ್ದೀಯಾ?" ಹೊಂಡದಿಂದಲೇ ಕೇಳಿದರು.

"ಊಟದ ಮಧ್ಯೆ ಹಣದ ಮಾತು ಎತ್ತುವುದಾ? ನಾಚಿಕೆ ಆಗುವುದಿಲ್ವಾ ನಿಮಗೆ?"

"ಊಟ ಆದ ಮೇಲೆ?"

"ಆಮೇಲೆ ಚಾ ಇತ್ತಲ್ಲ!"

ಎಲ್ಲ ಕೆಲಸ ಮುಗಿದ ದಿನ ಸುಜಾತಕ್ಕ ಗಂಡನನ್ನೂ ಕರೆತಂದರು. ನಾನು ಬಿಸ್ಮಿಲ್ಲಾ ಹೇಳಿ ಧೈರ್ಯವಾಗಿ ನಿಂತೆ. ಈ ಮನೆಯಲ್ಲಿ ಈಗ ಬೇಡ ಅನ್ನಲು ಎಂತ ಉಳಿದಿದೆ? ಆ ಮನುಷ್ಯ ಗ್ರಾನೈಟ್ ತಟ್ಟಿದರು, ಒಲೆ ನೋಡಿದರು, ಬಚ್ಚಲಿಗೆ ಇಣುಕಿದರು, ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಎಂತ ಮಾರಾಯ್ತಿ, ಇದು ನಮ್ಮ ಕದ್ರಿಯ ಮನೆಯ ಹಾಗೇ ಉಂಟಲ್ಲ! ಮತ್ತೆ ಎಂತಕ್ಕೆ ಇಲ್ಲಿಗೆ ಬರುವುದು?"

ಸುಜಾತಕ್ಕ ಒಂದು ಗಳಿಗೆ ಸುತ್ತ ನೋಡಿದರು. ಮುಖ ಅರಳಿತು. "ಹೌದಲ್ವಾ! ಬೇಸರ ಮಾಡ್ಬೇಡಿ ಮೈಮೂನಕ್ಕ. ನನಗೆ ನಮ್ಮ ಮನೆಯೇ ಇಷ್ಟ ಅಂತ ನನಗೇ ಈಗ ಗೊತ್ತಾಯ್ತು ನೋಡಿ."

ಅವರಿಗೆ ಗೊತ್ತಾಗಲು ನನ್ನ ನಾಲ್ಕು ಗೋಡೆ ಒಡೆಯಬೇಕಾಯಿತು!

ಪುಣ್ಯಕ್ಕೆ ಉಳ್ಳಾಲದ ಆ ಖಾಲಿ ಮನೆಯ ಮಾಲೀಕರು ದಮ್ಮಾಮ್‌ಗೆ ಹೋಗಿದ್ದಾರೆ, ತಿರುಗಿ ಬರುವವರೆಗೆ ಅದನ್ನು ಬೇರೆಯವರಿಗೆ ಕೊಡುವುದಿಲ್ಲವಂತೆ. ಸುಜಾತಕ್ಕ ಹೊರಡುವಾಗ ಗೇಟಿನ ಬಳಿ ನಿಂತರು.

"ಮೈಮೂನಕ್ಕ, 'ಮನೆ ಮಾರಾಟಕ್ಕಿದೆ' ಬೋರ್ಡಿನ ಅಕ್ಷರ ಸಣ್ಣದಾಯ್ತು. ದೊಡ್ಡದಾಗಿ ಬರೆಸಿ."

ಮರುದಿನವೇ ಬರೆಸಿದೆ!