ಉಣ್ಣಿ ಯಾರ ಮನೀದು?

ನಾಯಿ ಸಾಕಿದವರ ಬಾಳೇವು ಅಂದ್ರ ದಿನಾ ಒಂದು ಪಂಚಾಯ್ತಿ ಇದ್ದದ್ದ. ಅದೂ ಪುಣೆದ ವಾಕಡದಂಥಾ ಜಾಗಾದಾಗ, ಅಪಾರ್ಟ್‌ಮೆಂಟಿನ್ಯಾಗ, ಬೀದಿಯಿಂದ ಎತ್ತಿಕೊಂಡು ಬಂದ ನಾಯಿ ಸಾಕಿದ್ರಂತೂ ಕೇಳೂದ ಬ್ಯಾಡ. ಎಲ್ಲಿ ಏನ ಆಗಲಿ, ಬೆರಳು ನಮ್ಮ ಮನಿ ಬಾಗಲಾ ಕಡೆ.

ನಾವು ಧಾರವಾಡದವರು. ನಮ್ಮ ಮನಿಯವರು ಬ್ಯಾಂಕಿನ್ಯಾಗಿದ್ದು ರಿಟೈರ್ ಆಗ್ಯಾರ. ನಾ ಇನ್ನೂ ದಿನಾ ವಿಮಾನ ನಗರದ ಆಫೀಸಿಗೆ ಹೋಗಿ ಬಂದು ಟ್ರಾಫಿಕ್ಕಿನ್ಯಾಗ ಜೀವಾ ತೇಯತೀನಿ. ಗುಂಡ್ಯಾ ನಮ್ಮ ನಾಯಿ. ಪಾರ್ಕಿಂಗಿನ್ಯಾಗ ಮಳಿಗೆ ತೋಯ್ದು ನಡುಗಿಕೋತ ಕೂತಿದ್ದ ಮರಿ, ಈಗ ನಮ್ಮ ಸೋಫಾದ ಮಾಲಕ.

ಈ ಸಲ ಬ್ಯಾಸಗ್ಯಾಗ ನಮ್ಮ ಸೊಸಾಯಟಿಯೊಳಗ ಉಣ್ಣಿ ಕಾಣಿಸಿಕೊಂಡ್ವು. ಚೇರ್ಮನ್‌ರು ತಡಾ ಮಾಡಲಿಲ್ಲ. ಮುಂದಿನ ಮೀಟಿಂಗಿನ್ಯಾಗ ಎಲ್ಲಾರೂ ಕೈ ಎತ್ತಿ ಒಪ್ಪಿದ್ರ ಬೀದಿ ನಾಯಿ ಬಿಲ್ಡಿಂಗಿನಿಂದ ಹೊರಗ ಅಂತ ಸಾರಿಬಿಟ್ರು. ಇಡೀ ಬಿಲ್ಡಿಂಗಿನ್ಯಾಗ ಬೀದಿ ನಾಯಿ ಅಂತ ಇದ್ದದ್ದು ನಮ್ಮ ಗುಂಡ್ಯಾ ಒಬ್ಬನ. "ಹಂಗ ಹೊರಗ ಹಾಕಲಿಕ್ಕೆ ಕಾಯ್ದೆ ಒಪ್ಪೂದಿಲ್ಲರಿ," ಅಂದೆ. "ಕಾಯ್ದೆ ಕೋರ್ಟಿನ್ಯಾಗ, ವಹಿನಿ. ಇದು ಸೊಸಾಯಟಿ," ಅಂದ್ರು. ಇಲ್ಲಿ ಎಲ್ಲಾರೂ ಮಾತಾಡೂದು ಮರಾಠಿ, ಅತ್ತಿಗೆಗೆ ವಹಿನಿ ಅಂತಾರ; ನಾ ನಮ್ಮ ಭಾಷಾದಾಗ ಹೇಳ್ಲಿಕತ್ತೀನಿ. ಯಾವ ಭಾಷಾದಾಗ ಹೇಳಿದ್ರೂ ಸಿಟ್ಟು ಅಷ್ಟ ಬರತದ.

೧. ಅರಿಷಿಣದ ಮದಿಮಗ

ಗುಂಡ್ಯಾನ ಮೈಮ್ಯಾಲ ಉಣ್ಣಿ ಇದ್ವು, ನಾ ಇಲ್ಲ ಅನ್ನೂದಿಲ್ಲ. ಕಿವಿ ಹಿಂದ ಇದ್ವು, ಕಾಲಬೆರಳ ಸಂದ್ಯಾಗೂ ಇದ್ವು. ಡಾಕ್ಟರ ಕಡೆ ಹೋಗೂಣು ಅಂದೆ. ನಮ್ಮ ಮನಿಯವರು, "ಅಷ್ಟಕ್ಕ ಡಾಕ್ಟರ್ ಯಾಕ? ನಮ್ಮವ್ವ ಎಮ್ಮಿಗೆ ಏನ ಹಚ್ಚತಿದ್ಲು ನನಗ ಗೊತ್ತದ, ನೀ ಆಫೀಸಿಗೆ ಹೋಗು," ಅಂದ್ರು.

ಸಂಜೀಕ ಬಂದು ನೋಡತೀನಿ, ಬೇವಿನೆಣ್ಣ್ಯಾಗ ಅರಿಷಿಣ ಕಲಿಸಿ ಗುಂಡ್ಯಾಗ ಮೂಗಿನಿಂದ ಬಾಲದ ತನಕಾ ಬಳದಾರ. ಅವನು ಮೈ ಝಾಡಿಸಿ ಗ್ವಾಡಿ, ಪಡದೆ, ನನ್ನ ಹೊಸಾ ಚಾದರ ಎಲ್ಲಾ ಹಳದಿ ಮಾಡಿ, ನಡುಮನ್ಯಾಗ ಕೂತು ಬಾಲಾ ಅಲ್ಲಾಡಸ್ಲಿಕತ್ತಿದ್ದ. ನಮ್ಮ ಮನಿಯವರೂ ಅರ್ಧಾ ಹಳದಿ ಆಗಿದ್ರು. ನಾ ಬಾಯಿಗೆ ಬಂದದ್ದು ಅಂದೆ. ಇಬ್ಬರೂ ತಲಿ ತಗ್ಗಿಸಿ ಕೇಳಿಸಿಕೊಂಡ್ರು.

ಡಾಕ್ಟರ ಕಡೆ ಕರಕೊಂಡು ಹೋಗಲಿಕ್ಕೆ ಲಿಫ್ಟಿನ್ಯಾಗ ಹತ್ತಿದ್ರ ಮ್ಯಾಲಿನ ಮಜಲಿನ ಅಜ್ಜಿ ಒಳಗ ನಿಂತಿದ್ರು. ಗುಂಡ್ಯಾನ್ನ ಭಾಳ ಹೊತ್ತು ನೋಡಿ, ಮರ್ಯಾದಿಲೆ ಕೇಳಿದ್ರು: "ಅರಿಷಿಣ ಇವತ್ತ ಆತೇನವಾ? ಹುಡುಗಿ ಯಾವ ಊರದು?"

ಡಾಕ್ಟರು ಕೂದಲಾ ಸರಿಸಿ ನೋಡಿದ್ರು. ಉಣ್ಣಿ ಆರಾಮ ಕೂತಿತ್ತು. "ಇದಕ್ಕೂ ಅರಿಷಿಣ ಹತ್ತೇದ," ಅಂದ್ರು, "ಅದೊಂದು ಬಿಟ್ರ ಇದಕ್ಕ ಏನೂ ಆಗಿಲ್ಲ."

೨. ಬೆನ್ನಿಗೆ ಹತ್ತಿದ್ದು

ಡಾಕ್ಟರು ಗುಂಡ್ಯಾನ ತೂಕಾ ನೋಡಿ ಗುಳಿಗಿ ಕೊಟ್ರು. ಉಣ್ಣಿ ಕಂಡ್ರ ಚಿಮಟಾದಿಂದ ಚರ್ಮದ ಹತ್ರನ ಹಿಡದು ಸೀದಾ ಮ್ಯಾಲಕ್ಕ ಎಳೀರಿ, ಬೆರಳಿನಿಂದ ಹಿಚಕಬ್ಯಾಡ್ರಿ, ಎಣ್ಣಿ ಸುರೀಬ್ಯಾಡ್ರಿ, ಸುಡಬ್ಯಾಡ್ರಿ ಅಂದ್ರು. ಹುಲ್ಲಿನ್ಯಾಗ ಅಡ್ಡಾಡಿ ಬಂದ್ರ ಮನಶ್ಯಾರೂ ಮೈ ನೋಡಿಕೋಬೇಕಂತ. ಉಣ್ಣಿ ನಾಯಿ ಮೈಮ್ಯಾಲಷ್ಟ ಇರೂದಿಲ್ಲ, ಗ್ವಾಡಿ ಬಿರುಕಿನ್ಯಾಗ, ನಾಯಿ ಮಲಗೂ ಬಟ್ಟ್ಯಾಗ ಅಡಗಿ ಕೂಡತಾವ, ಅದಕ್ಕ ಆ ಬಟ್ಟಿ ಬಿಸಿನೀರಾಗ ಒಗೀರಿ ಅಂತನೂ ಹೇಳಿ ಕಳಸಿದ್ರು. ಅವತ್ತಿನಿಂದ ದಿನಾ ಸಂಜೀಕ ಗುಂಡ್ಯಾ ಮತ್ತ ನಮ್ಮ ಮನಿಯವರು ನನ್ನ ಮುಂದ ತಪಾಸಣಿಗೆ ನಿಂದರತಾರ. ಇಬ್ಬರೊಳಗ ಗುಂಡ್ಯಾ ಅಲುಗಾಡೂದಿಲ್ಲ.

ಒಂದು ರವಿವಾರ ಮುಂಜಾನೆ ಕೆಳಗಿನ ಮನಿ ಆಫೀಸರ್ ಸಾಹೇಬ್ರು ಅಂಗಿ ತಗದು, ಹೆಗಲಿಗೊಂದು ಟಾವೆಲ್ ಹಾಕ್ಕೊಂಡು ನಮ್ಮ ಬಾಗಲಾ ಬಡದ್ರು. ಹಿಂದ ಅವರ ಹೆಂಡತಿ. "ನಿಮ್ಮ ನಾಯಿ ಉಣ್ಣಿ ನನ್ನ ಬೆನ್ನಿಗೆ ಹತ್ತೇದ. ನಿನ್ನೆಯಿಂದ ಎಳೀಲಿಕತ್ತೀವಿ, ಬಿಡವಲ್ದು. ನನಗ ಏನರೆ ಆದ್ರ ಜವಾಬ್ದಾರಿ ನಿಮ್ಮದು," ಅಂದ್ರು. ಅವರ ಹೆಂಡತಿ ಮೊದಲ ಅದರ ಮ್ಯಾಲ ಚಿಮಣಿ ಎಣ್ಣಿ ಹಾಕಿದ್ರಂತ, ಆಮ್ಯಾಲ ಊದಿನಕಡ್ಡಿ ಮುಟ್ಟಿಸಿದ್ರಂತ, ಕಡೀಕ ಹುಬ್ಬಿನ ಕೂದಲಾ ಕೀಳೂ ಚಿಮಟಾದಿಂದ ಜಗ್ಗಿದ್ರಂತ. ಬೆನ್ನು ಕೆಂಪಗ ಬಾತಿತ್ತು.

ನಾ ಚಷ್ಮಾ ಹಾಕ್ಕೊಂಡು ಹತ್ರದಿಂದ ನೋಡಿದೆ. ಕಾಲಿಲ್ಲ, ಬಾಯಿಲ್ಲ. "ಸಾಹೇಬ್ರ, ಇದು ಉಣ್ಣಿ ಅಲ್ಲರಿ, ಮಚ್ಚಿ. ನಿಮ್ಮ ಜೋಡಿನ ಹುಟ್ಟೇದ," ಅಂದೆ.

ಸಾಹೇಬ್ರು ಟಾವೆಲ್ ಎಳಕೊಂಡು ಬೆನ್ನು ಮುಚಗೊಂಡ್ರು. ಆಮ್ಯಾಲ ಹೆಂಡತಿ ಕಡೆ ತಿರುಗಿದ್ರು. "ಇಷ್ಟು ವರ್ಷ ಸಂಸಾರ ಮಾಡೀದಿ, ಒಮ್ಮೆಯೂ ನನ್ನ ಬೆನ್ನು ನೋಡಿಲ್ಲೇನು?"

"ಇಷ್ಟು ವರ್ಷದಾಗ ಒಂದು ದಿನಾರ ಬೆನ್ನು ತಿಕ್ಕು ಬಾ ಅಂತ ಕರದೀರೇನು?"

ಜಗಳಾ ಮೆಟ್ಟಲಾ ಇಳದು ಅವರ ಮನಿಗೆ ಹೋತು. ನಮ್ಮ ಗುಂಡ್ಯಾಗ ತಪ್ಪಾತು ಅಂತ ಯಾರೂ ಅನ್ನಲಿಲ್ಲ.

೩. ಗೇಟಿನ ಬ್ಯಾಟರಿ

ಗೇಟಿನ್ಯಾಗ ನಾಯಿ ತಪಾಸಣಿ ಮಾಡೂ ಕೆಲಸಾ ಚೇರ್ಮನ್‌ರು ವಾಚ್‌ಮನ್‌ಗ ಹಚ್ಚಿದ್ರು, ಕೈಯಾಗೊಂದು ಬ್ಯಾಟರಿ ಕೊಟ್ರು. ಅವಗ ನಾಯಿ ಕಂಡ್ರ ಜೀವಾ ಹೋಗತದ. ಮಾರು ದೂರ ನಿಂತು ಬ್ಯಾಟರಿ ಬಿಡಾಂವ, ನಾ ಗುಂಡ್ಯಾನ ಕಿವಿ ಎತ್ತಿ ತೋರಸಾಕಿ. ದಿನಾ, ಹೋಗೂ ಮುಂದೂ ಬರೂ ಮುಂದೂ.

ಒಂದು ದಿನಾ ಮುಂಜಾನೆ ಹಿಂಗ ನಿಂತಾಗ ಚೇರ್ಮನ್‌ರ ಕಾರು ಬಂತು. ಹಿಂದಿನ ಸೀಟಿನ್ಯಾಗ ಅವರ ಪ್ರಿನ್ಸ್, ಬಂಗಾರದ ಬಣ್ಣದ ಜೂಲು ನಾಯಿ. ಕಿಡಕಿ ಗಾಜು ಏರಿಸೇದ, ಒಳಗ ಎಸಿ ನಡದದ. ವಾಚ್‌ಮನ್ ಸೆಲ್ಯೂಟ್ ಹೊಡದು ಗೇಟು ತಗದಾ.

"ಅದನ್ನ ಯಾಕ ನೋಡಲಿಲ್ಲಪಾ?" ಅಂತ ಕೇಳಿದೆ.

"ಮ್ಯಾಡಂ, ಅದು ವಿದೇಶಿ ನಾಯಿ. ಎಸಿಯೊಳಗ ಮಲಗತದ. ಅದಕ್ಕ ಉಣ್ಣಿ ಹತ್ತೂದಿಲ್ಲಂತ, ಚೇರ್ಮನ್ ಸಾಹೇಬ್ರ ಹೇಳ್ಯಾರ."

ನನ್ನ ಮೈಯೆಲ್ಲಾ ಉರದುಹೋತು. "ಉಣ್ಣಿ ಕಡಿಯೂಕಿಂತ ಮೊದಲ ಪಾಸ್‌ಪೋರ್ಟ್ ಕೇಳತದೇನು?"

ಅವನು ವಿಚಾರ ಮಾಡಿದಾ. "ಅದನ್ನ ಸಾಹೇಬ್ರು ಹೇಳಿಲ್ಲರಿ," ಅಂದಾ. ಆಮ್ಯಾಲ ಬ್ಯಾಟರಿ ನನ್ನ ಸೀರಿ ಮ್ಯಾಲ ಬಿಟ್ಟಾ. "ಮ್ಯಾಡಂ, ನಾಯಿ ಮುಟ್ಟಿದವರನ್ನೂ ನೋಡು ಅಂದಾರ. ಸ್ವಲ್ಪ ತಿರುಗಿ ನಿಂದರ್ರಿ."

ಹಾಲು ತರಲಿಕ್ಕೆ ಹೊಂಟ ಅರ್ಧಾ ಸೊಸಾಯಟಿ ನಿಂತು ನೋಡ್ಲಿಕತ್ತಿತ್ತು. ತಿರುಗಿ ನಿಂತೆ. ಮತ್ತೇನ ಮಾಡ್ಲಿ?

೪. ಹೊಂಟಾವ ನೋಡ್ರಿ

ಆಮ್ಯಾಲ ಪೆಸ್ಟ್ ಕಂಟ್ರೋಲಿನವರು ಬಂದ್ರು. ಗುತ್ತಿಗಿದಾರ್ರು ಬಿಳೇ ಸಫಾರಿ ಹಾಕ್ಕೊಂಡು ಬಂದು ಲಾಬಿ ತುಂಬ ಏನೋ ಹೊಡಿಸಿದ್ರು. ಮಲ್ಲಿಗಿ ಹೂವಿನ ವಾಸನಿ. "ಇದು ಯಾವ ಔಷಧರಿ? ಸಣ್ಣ ಹುಡುಗುರು ಇಲ್ಲೇ ಆಡತಾವ, ಗ್ವಾಡಿ ಮುಟ್ಟತಾವ," ಅಂದೆ. "ಅದು ನಮ್ಮ ಕಂಪನಿ ಗುಟ್ಟು," ಅಂದ್ರು.

ಸ್ವಲ್ಪ ಹೊತ್ತಿಗೆ ಬಿರುಕಿನ್ಯಾಗಿದ್ದ ಉಣ್ಣಿ ಹೊರಗ ಬಂದು ಗ್ವಾಡಿ ಹಿಡದು ನಡೀಲಿಕ್ಕೆ ಶುರು ಮಾಡಿದ್ವು. ಗುತ್ತಿಗಿದಾರ್ರ ಮಾರಿ ಅರಳಿತು. "ನೋಡ್ರಿ ನಮ್ಮ ಔಷಧದ ಗುಣಾ. ಹೊಂಟಾವ ನೋಡ್ರಿ."

"ಎಲ್ಲಿಗೆ ಹೊಂಟಾವ?"

"ಹೊರಗ."

ಹೊರಗಿನ ಬಾಗಲಾ ಎಡಕ್ಕದ. ಉಣ್ಣಿ ಹೊಂಟದ್ದು ಮೆಟ್ಟಲಾ ಗುಂಟ ಮ್ಯಾಲಕ್ಕ, ನಮ್ಮ ಮನಿ ಕಡೆ. ಅದನ್ನ ಕೈ ಮಾಡಿ ತೋರಿಸಿದೆ.

"ಮ್ಯಾಲ ಹೋದ್ರ ಹೋಗ್ಲಿ ಬಿಡ್ರಿ ವಹಿನಿ," ಅಂದ್ರು ಅವರು, "ನಮ್ಮ ಗುತ್ತಿಗಿ ಲಾಬಿದಷ್ಟ ಅದ."

೫. ಶಾಲು

ಇಷ್ಟಾದ ಮ್ಯಾಲ ಚೇರ್ಮನ್‌ರು ಸೊಸಾಯಟಿ ಉಣ್ಣಿಮುಕ್ತ ಆತು ಅಂತ ಸಾರಿದ್ರು. ಬರೂ ರವಿವಾರದ ಮೀಟಿಂಗಿನ್ಯಾಗ ಮೊದಲ ಗುತ್ತಿಗಿದಾರ್ರಿಗೆ ಸತ್ಕಾರ, ಆಮ್ಯಾಲ ಗುಂಡ್ಯಾನ್ನ ಹೊರಗ ಹಾಕೂ ವಿಷಯಕ್ಕ ಕೈ ಎತ್ತೂದು. ಉಣ್ಣಿ ಹೋಗಿದ್ರ ನಾಯಿ ಯಾಕ ಹೋಗಬೇಕರಿ? ಕೇಳಿದ್ರ, "ಮತ್ತ ಬರಬಾರದಲ್ಲ," ಅಂದ್ರು.

ಆ ರವಿವಾರ ಮಧ್ಯಾಹ್ನ ಊಟಕ್ಕ ಕೂತಿದ್ವಿ. ನಮ್ಮ ಮನಿಯವರು ತಮ್ಮ ತಾಟಿನ್ಯಾಗಿನ ಚಪಾತಿ ಮುರದು ಮುರದು ಗುಂಡ್ಯಾಗ ಹಾಕ್ಲಿಕತ್ತಿದ್ರು. "ಇವನ್ನ ಬಿಟ್ಟು ಇರೂದು ನನ್ನಿಂದ ಆಗೂದಿಲ್ಲ. ನಡಿ, ಬಾಡಿಗಿ ಮನಿ ನೋಡೂಣು," ಅಂದ್ರು. ಅರಿಷಿಣ ಹಚ್ಚಿದ್ದನ್ನ ನಾ ಆ ಹೊತ್ತಿಗೆ ಮಾಫ್ ಮಾಡಿಬಿಟ್ಟೆ.

ಸಂಜೀಕ ಕ್ಲಬ್‌ಹೌಸ್ ತುಂಬಿತ್ತು. ಪುಣೆದಾಗ ಶಾಲು-ತೆಂಗಿನಕಾಯಿ ಇಲ್ಲದ ಸತ್ಕಾರ ಇಲ್ಲ. ಆ ಶಾಲು ಯಾರೂ ಹೊಚಗೊಳ್ಳೂದಿಲ್ಲ. ಒಂದು ಸಭಾದಾಗ ಬಂದದ್ದು ಕಪಾಟಿನ್ಯಾಗ ಕೂತು ಇನ್ನೊಂದು ಸಭಾದಾಗ ಇನ್ನೊಬ್ಬರ ಹೆಗಲ ಏರತದ. ಕಾಯಿ ತಂದಿದ್ರು, ಶಾಲು ಮರತಿದ್ರು. ಚೇರ್ಮನ್‌ರು ವಾಚ್‌ಮನ್‌ನ ಕರದು, "ಓಡು, ನಮ್ಮ ಮನಿ ಬೆಡ್‌ರೂಮಿನ್ಯಾಗ ಒಂದು ಶಾಲು ಇರಬೇಕು, ತೊಗೊಂಡು ಬಾ," ಅಂದ್ರು. ಅವನು ಓಡಿ ಹೋಗಿ ಜರಿ ಅಂಚಿನ ಶಾಲು ತಂದಾ. ಚೇರ್ಮನ್‌ರು ಅದನ್ನ ಎರಡೂ ಕೈಲೆ ಬಿಡಿಸಿ ಗುತ್ತಿಗಿದಾರ್ರ ಹೆಗಲಿಗೆ ಹೊಚ್ಚಿದ್ರು. ಎಲ್ಲಾರೂ ಚಪ್ಪಾಳಿ ತಟ್ಟಿದ್ರು.

ಗುತ್ತಿಗಿದಾರ್ರು ಮೈಕ್ ಹಿಡಕೊಂಡ್ರು. "ಈ ಬಿಲ್ಡಿಂಗಿನ್ಯಾಗ ಇವತ್ತ ಒಂದ ಒಂದು ಉಣ್ಣಿ ಜೀವಂತ ಇಲ್ಲ..."

ನಾ ಮುಂದಿನ ಸಾಲಿನ್ಯಾಗ ಕೂತಿದ್ದೆ. ಜರಿ ಅಂಚಿನ ಮ್ಯಾಲ ಏನೋ ನಡೀಲಿಕತ್ತಿತ್ತು. ಹೆಗಲ ದಾಟಿತು, ಕಾಲರ್ ಏರಿತು. ಜನ್ಮದಾಗ ಮೊದಲ ಸಲ ನಾ ಬಾಯಿ ಮುಚಗೊಂಡು ಕೂತೆ. ಗುತ್ತಿಗಿದಾರ್ರು ಕುತ್ತಿಗಿ ಮುಟ್ಟಿ ನೋಡಿಕೊಂಡ್ರು, ಬೆರಳ ಮ್ಯಾಲಿನ ಉಣ್ಣಿ ನೋಡಿದ್ರು, ಶಾಲು ಕಿತ್ತು ಒಗದು ಕುರ್ಚಿ ಮ್ಯಾಲ ಹತ್ತಿ ನಿಂತ್ರು.

ಚೇರ್ಮನ್‌ರು ಹೆದರಲಿಲ್ಲ. ನನ್ನ ಕಡೆ ಕೈ ಮಾಡಿದ್ರು. "ನೋಡಿದ್ರಲ್ಲಾ? ಆ ಬೀದಿ ನಾಯಿ ಇರೂತನಕಾ ಇದು ಮುಗಿಯೂದಿಲ್ಲ. ಎತ್ರಿ ಕೈ." ತಾವ ಮೊದಲ ಎತ್ತಿದ್ರು. ನನ್ನ ಸುತ್ತ ಒಂದೊಂದ ಕೈ ಏಳ್ಲಿಕತ್ವು. ನನ್ನ ಕಣ್ಣಾಗ ನೀರು ಬಂತು, ಸಿಟ್ಟಿಗೂ, ಸಂಕಟಕ್ಕೂ.

ಅಷ್ಟರಾಗ ಬಾಗಲಾ ತಗದು ಚೇರ್ಮನ್‌ರ ಹೆಂಡತಿ ಒಳಗ ಬಂದ್ರು. ಕೈ ಎತ್ತಿದವರನ್ನ ನೋಡಲಿಲ್ಲ, ಕುರ್ಚಿ ಮ್ಯಾಲ ನಿಂತವರನ್ನೂ ನೋಡಲಿಲ್ಲ. ಸೀದಾ ಹೋಗಿ ನೆಲದ ಮ್ಯಾಲಿನ ಶಾಲು ಎತ್ತಿಕೊಂಡ್ರು.

"ಇದನ್ನ ಇಲ್ಲಿಗೆ ಯಾರು ತಂದ್ರಿ? ಮನ್ಯಾಗೆಲ್ಲಾ ಹುಡುಕಿ ಸಾಕಾತು. ಇದು ನಮ್ಮ ಪ್ರಿನ್ಸ್‌ಂದು. ಮರಿ ಇದ್ದಾಗಿಂದ ಇದರ ಮ್ಯಾಲನ ಮಲಗತಾನ, ಒಗೀಲಿಕ್ಕೂ ಬಿಡೂದಿಲ್ಲ."

ಎತ್ತಿದ ಕೈ ಒಂದೊಂದ ಇಳದ್ವು. ಚೇರ್ಮನ್‌ರದು ಒಂದ ಉಳೀತು. ಅದನ್ನೂ ಇಳಿಸಿ ಅವರು ಕುತ್ತಿಗಿ ಕೆರಕೊಳ್ಳಲಿಕ್ಕೆ ಶುರು ಮಾಡಿದ್ರು. ಆಗ ಬಾಗಲದಾಗ ನಿಂತಿದ್ದ ವಾಚ್‌ಮನ್ ಬ್ಯಾಟರಿ ಹಚ್ಚಿಕೊಂಡು ಮುಂದ ಬಂದಾ.

"ನಾಯಿ ಶಾಲು ಮುಟ್ಟೀರಿ, ಸಾಹೇಬ್ರ. ಸ್ವಲ್ಪ ತಿರುಗಿ ನಿಂದರ್ರಿ."